ತಮಟೆ ಕಾಯ್ಸೋಕೆ ಬೆಂಕಿ ಸಿಗದ ಊರಲ್ಲಿ

ತಮಟೆ ಬಾರ್ಸೋರಿಗೆ ಮೊದ್ಲು ಬೇಕಾಗಿರೋದು ಬೆಂಕಿ, ಕೋಲು ಆಮೇಲೆ. ನಮ್ಮ ಕೋಲಾರದ ಕಡೆ ಊರಹಬ್ಬದಲ್ಲಿ ಹೆಣ್ಮಕ್ಳು ತಂಬಿಟ್ಟು ದೀಪ ಹೊತ್ಕೊಂಡು ಹೊರಡೋಕೆ ಮುಂಚೆ ನಾವು ಬೀದಿ ಪಕ್ಕ ಒಂದಿಷ್ಟು ಹುಲ್ಲು, ಹಳೇ ಪೇಪರ್ ಗುಡ್ಡೆ ಹಾಕಿ ಹಚ್ತೀವಿ, ಚರ್ಮದಲ್ಲಿರೋ ತೇವ ಹೋಗಿ ಬಿಗಿ ಆಗುತ್ತೆ, ಬೆರಳಲ್ಲಿ ತಟ್ಟಿದ್ರೆ ಖಣ್ ಅನ್ಬೇಕು, ಆಗ್ಲೇ ಹೆಗಲಿಗೆ ಹಾಕೊಳ್ಳೋದು. ಎಡಿನ್‌ಬರೋ ಫ್ರಿಂಜ್‌ಗೆ ಹೋಗಿ ಬಂದ್ಮೇಲೆ ಎಲ್ರೂ ಫ್ಲೈಟ್ ಹೆಂಗಿತ್ತು, ಊಟಕ್ಕೇನ್ ಮಾಡಿದ್ರಿ ಅಂತ ಕೇಳ್ತಾರೆ, ನನಗೆ ಮಾತ್ರ ಹೇಳ್ಬೇಕು ಅನ್ಸೋದು ಈ ಬೆಂಕಿ ವಿಷ್ಯ.

ಫ್ರಿಂಜ್ ಅಂದ್ರೆ ಸ್ಕಾಟ್ಲೆಂಡ್ ರಾಜಧಾನೀಲಿ ಆಗಸ್ಟ್ ತಿಂಗಳು ನಡೆಯೋ ದೊಡ್ಡ ಹಬ್ಬ. 1947ರಲ್ಲಿ ಅಲ್ಲಿ ಇಂಟರ್‌ನ್ಯಾಷನಲ್ ಫೆಸ್ಟಿವಲ್ ಶುರುವಾದಾಗ ಯಾರೂ ಕರೀದೇನೇ 8 ನಾಟಕ ತಂಡಗಳು ಬಂದು ಸಿಕ್ಕಿದ ಜಾಗದಲ್ಲಿ ಆಡಿದ್ವು, ಅದೇ ಬೆಳ್ಕೊಂಡು ಈಗ ಸಾವಿರಾರು ಶೋ ಆಗಿದೆ. ಇವತ್ತಿಗೂ ಆಯ್ಕೆ ಸಮಿತಿ ಅಂತೇನಿಲ್ಲ, ಜಾಗ ಹೊಂದಿಸ್ಕೊಂಡೋರು ಆಡ್ಬೋದು. ಇದನ್ನ ಕೇಳಿ ನಮ್ಮ ಚಿಕ್ಕಪ್ಪ, ತಂಡಕ್ಕೆ ಹಿರೀಕರು ಅವ್ರೇ, "ಹಂಗಾದ್ರೆ ಅದು ನಮ್ದೇ ಹಬ್ಬ ಕಣೋ" ಅಂದ್ರು. ದೇವ್ರ ಮುಂದೆ ಊರೆಲ್ಲಾ ಬಾರಿಸ್ಕೊಂಡು ಹೋಗಿ ಗುಡಿ ಹೊರಗೇ ನಿಂತ್ಕೋಬೇಕಾಗಿದ್ದ ಕಾಲ ಕಂಡಿರೋರು ಅವ್ರು, ಆ ಮಾತು ಎಲ್ಲಿಂದ ಬಂತು ಅಂತ ನನಗೆ ಗೊತ್ತು. ನಾನು ಕೋಲು ಹಿಡಿಯೋದು ಕಲ್ತಿದ್ದು ಅವ್ರ ಹತ್ರ, ಜನರ ಮುಂದೆ ತಲೆ ಎತ್ತಿ ಬಾರ್ಸೋದು ಕಲ್ತಿದ್ದು ತೇರಹಳ್ಳಿ ಬೆಟ್ಟದ ಮೇಲೆ ಆದಿಮ ಅನ್ನೋ ಸಾಂಸ್ಕೃತಿಕ ಕೇಂದ್ರದೋರು ಹುಣ್ಣಿಮೆ ರಾತ್ರಿ ನಡೆಸೋ ಹುಣ್ಣಿಮೆ ಹಾಡಲ್ಲಿ.

ನಮಗೆ ಸಿಕ್ಕಿದ್ದು ಒಂದು ಹಳೇ ಕಲ್ಲು ಕಟ್ಟಡದ ನೆಲಮಾಳಿಗೆ. ನಮ್ಮ ಮುಂಚೆ ಯಾರದೋ ಕಾಮಿಡಿ ಶೋ, ನಮ್ಮಾದ್ಮೇಲೆ ಇನ್ಯಾರದೋ ನಾಟಕ, ನಡುವೆ ಸಾಮಾನು ಒಳಗೆ ತರೋಕೆ ಹತ್ತು ನಿಮಿಷ ಅಷ್ಟೇ. ಒಳಗೆ ಬೆಂಕಿಕಡ್ಡಿ ಗೀರೋ ಹಾಗೂ ಇಲ್ಲ, ಹೊಗೆ ಎದ್ರೆ ಅಲಾರಂ ಹೊಡ್ಕೊಂಡು ಇಡೀ ಬಿಲ್ಡಿಂಗ್ ಖಾಲಿ ಮಾಡಿಸ್ತಾರೆ. ಆ ರೂಲ್ ಸರಿಯಾಗೇ ಇದೆ, ಅದಕ್ಕೆ ನನ್ನದೇನೂ ತಕರಾರಿಲ್ಲ. ಆದ್ರೆ ಹೊರಗೆ ಜಿಟಿಜಿಟಿ ಮಳೆ, ಸಮುದ್ರದ ಕಡೆಯಿಂದ ಮಂಜು ಬೇರೆ, ಅದನ್ನ ಅಲ್ಲಿ ಹಾರ್ ಅಂತಾರೆ, ಊರಿಗೂರೇ ಒದ್ದೆ ಬಟ್ಟೆ ಥರ ಇತ್ತು. ಕೋಲಾರದ ಒಣಗಾಳೀಲಿ ಒಂದ್ಸಲ ಕಾಯ್ಸಿದ್ರೆ ಎಷ್ಟೋ ಹೊತ್ತು ನಿಲ್ಲೋ ಚರ್ಮ ಅಲ್ಲಿ ಸಡಿಲ ಬಿದ್ದು ಬದ್ ಬದ್ ಅಂತಿತ್ತು. ಹೇರ್ ಡ್ರೈಯರ್ ಹಿಡಿದು ನೋಡಿದ್ವಿ, ಒಂದು ಕಡೆ ಕಾಯೋಷ್ಟರಲ್ಲಿ ಇನ್ನೊಂದು ಕಡೆ ಆರೋಗೋದು. ಫೈಬರ್ ತಮಟೆ ತರ್ಬೇಕಿತ್ತು ಅಂತ ನಮ್ಮ ಹುಡುಗ್ರು ಗೊಣಗಿದ್ರು. ಮಳೇಲಿ ಮೆರವಣಿಗೆಗೆ ಫೈಬರ್ ಆಗುತ್ತೆ, ಇಲ್ಲ ಅನ್ನಲ್ಲ, ಆದ್ರೆ ಕಾವಿಗೆ ಏರಿ ಬಾರಿಸ್ತಾ ಬಾರಿಸ್ತಾ ಇಳಿಯೋ ಚರ್ಮದ ನಾದ ಇದ್ಯಲ್ಲ, ಅದಿಲ್ದೇ ಇದ್ರೆ ಅಷ್ಟು ದೂರ ಹೋಗಿ ನಾವು ಕೇಳಿಸೋದಾದ್ರೂ ಏನು?

ದಾರಿ ತೋರ್ಸಿದ್ದು ಅಲ್ಲಿ ಲೈಟಿಂಗ್ ನೋಡ್ಕೊಳ್ತಿದ್ದ ಹುಡುಗಿ. ನಾವು ಬೆರಳಲ್ಲಿ ತಟ್ಟಿ ತಟ್ಟಿ ಮುಖ ಸಪ್ಪೆ ಮಾಡ್ಕೊಳ್ಳೋದು ನೋಡಿ ಏನು ಅಂತ ಕೇಳಿದ್ಲು, ಸನ್ನೇಲಿ ಅರ್ಧ ಇಂಗ್ಲಿಷಲ್ಲಿ ಅರ್ಧ ಹೇಳಿದ್ವಿ. ಹೋಗಿ ಗೋಡೌನಿಂದ ಎರಡು ಹಳೇ ಪಾರ್ ಲೈಟ್, ಅಂದ್ರೆ ಹಳೇ ಕಾಲದ ಸ್ಟೇಜ್ ದೀಪ, ತಂದ್ಲು, ಒಂದೊಂದೂ 1000 ವ್ಯಾಟ್‌ದು. ಸ್ಟೇಜ್ ಮೇಲಿನ ಎಲ್‌ಇಡಿಗಳು ಬೆಳಕು ಚೆನ್ನಾಗಿ ಕೊಡ್ತವೆ, ಕಾವು ಅಷ್ಟಿಲ್ಲ. ಈ ಹಳೇವು ಹಂಗಲ್ಲ, ಹತ್ರ ಕೈ ಇಟ್ರೆ ಸುಡುತ್ತೆ. ಕಾರಿಡಾರ್ ಮೂಲೇಲಿ ಅವನ್ನ ಹಚ್ಚಿ, ಮುಂದೆ ತಮಟೆ ಹಿಡಿದು ತಿರುಗಿಸ್ತಾ ಕೂತ್ವಿ, ಸ್ವಲ್ಪ ಹೊತ್ತಿಗೆ ಚಿಕ್ಕಪ್ಪ ತಟ್ಟಿದ್ರು, ಖಣ್! ಆ ಹುಡುಗಿ ಚಪ್ಪಾಳೆ ಹೊಡೆದ್ಲು. ಶೋ ನಡೀತಿದ್ದಾಗ್ಲೂ ಇಬ್ರು ಹೊರಗೆ ಕಾಯ್ಸೋದು, ಮಿಕ್ಕವ್ರು ಬಾರ್ಸೋದು, ಇಳಿದಿದ್ದು ಕೊಟ್ಟು ಕಾದಿದ್ದು ತಗೊಳ್ಳೋದು. ಅವಳ ಋಣ ನಮ್ಮ ಮೇಲಿದೆ.

ಟಿಕೆಟ್ ತಗೊಂಡು ಬಂದೋರು ಕಮ್ಮೀನೇ. ಅದಕ್ಕೇ ಎಲ್ಲಾ ತಂಡದೋರೂ ಕೋಟೆಯಿಂದ ಅರಮನೆ ಕಡೆಗೆ ಇಳಿಯೋ ರಾಯಲ್ ಮೈಲ್ ಅನ್ನೋ ಬೀದೀಲಿ ಪಾಂಪ್ಲೆಟ್ ಹಂಚ್ತಾ ನಿಂತಿರ್ತಾರೆ, ನಾವೂ ನಿಂತ್ವಿ. ಮಧ್ಯಾಹ್ನ ಒಂದು ಗಂಟೆಗೆ ಕೋಟೆ ಮೇಲೆ ತೋಪು ಹಾರಿಸ್ತಾರೆ, ಭಾನುವಾರ, ಗುಡ್ ಫ್ರೈಡೆ, ಕ್ರಿಸ್‌ಮಸ್ ಬಿಟ್ಟು ದಿನಾ ಇರುತ್ತೆ ಅದು. ಅವತ್ತು ಅದಾದ್ಮೇಲೆ ಬಿಸಿಲು ಬಂತು. ತಮಟೆಗಳನ್ನ ಕಲ್ಲು ಹಾಸಿನ ಮೇಲೆ ಬಿಸಿಲಿಗೆ ಒರಗಿಸಿ ಇಟ್ಟಿದ್ವಿ. ಪಕ್ಕದಲ್ಲಿ ಬ್ಯಾಗ್‌ಪೈಪ್ ಊದ್ತಿದ್ದ ವಯಸ್ಸಾದ ಒಬ್ರು ಬಂದು, ಯಾಕೆ ಅಂತ ಕೇಳಿ, ತಮ್ಮ ಪೈಪ್ ಬಿಚ್ಚಿ ಒಳಗಿನ ರೀಡ್, ಅಂದ್ರೆ ನಾದ ಹೊರಡಿಸೋ ಪಟ್ಟಿ, ತೋರ್ಸಿದ್ರು. ಅದು ಜೊಂಡಿನ ಥರದ್ದು, ನಮ್ಮ ಚರ್ಮದ ಹಂಗೇ ಅದಕ್ಕೂ ತೇವ ಆದ್ರೆ ಶ್ರುತಿ ಕೆಡುತ್ತೆ. ಚಿಕ್ಕಪ್ಪನಿಗೆ ಇಂಗ್ಲಿಷ್ ಬರಲ್ಲ, ಅವ್ರಿಗೆ ಕನ್ನಡ ತೆಲುಗು ಎರಡೂ ಇಲ್ಲ, ಆದ್ರೂ ಇಬ್ರೂ ಚರ್ಮ ಮುಟ್ಟೋದು, ರೀಡ್ ನೋಡೋದು, ಆಕಾಶ ತೋರ್ಸೋದು ಮಾಡ್ತಾ ಎಷ್ಟೋ ಹೊತ್ತು ಮಾತಾಡಿದ್ರು. ಆಮೇಲೆ ಬೀದೀಲೇ ಬಾರಿಸಿದ್ವಿ ನೋಡಿ, ತಮಟೆ ನಡಿಗೆಯ ವಾದ್ಯ, ನೆಲ ಸಿಕ್ತಿದ್ದಂಗೆ ಕಾಲು ತಾನೇ ಹೆಜ್ಜೆ ಹಾಕ್ತು, ಮಕ್ಕಳು ಮರಿ ಎಲ್ಲಾ ಸುತ್ತ ಕುಣಿದ್ರು. ನನಗೆ ಇಡೀ ಹಬ್ಬದಲ್ಲಿ ನಾವು ನಾವಾಗಿದ್ದು ಅಲ್ಲೇ ಅನ್ಸುತ್ತೆ.

ಈಗ ಯಾರೇ ಪ್ರೋಗ್ರಾಂಗೆ ಕರೆದ್ರೂ ಮುಂಚೇನೇ ಬರೆದು ಕೊಡ್ತೀವಿ, ಬಯಲಲ್ಲಿ ಬೆಂಕಿ ಹಾಕೋಕೆ ಜಾಗ ಬೇಕು, ಒಳಗಡೆ ಹಾಲ್ ಆದ್ರೆ ಕಾವು ಕೊಡೋ ಹಳೇ ಲೈಟ್ ಬೇಕು, ಅರ್ಧ ಗಂಟೆ ಟೈಮ್ ಬೇಕು. ಮೊನ್ನೆ ಇಲ್ಲೇ ಕೋಲಾರದಲ್ಲಿ ಒಂದು ಕಾರ್ಯಕ್ರಮದೋರು "ಇದೆಲ್ಲಾ ಯಾಕೆ, ಮೈಕ್ ಜೋರಾಗಿ ಇಡ್ತೀವಿ ಬಿಡಿ" ಅಂದ್ರು. ಚಿಕ್ಕಪ್ಪ ಹೇಳಿದ್ರು, "ವೀಣೆಯೋರು ಶ್ರುತಿ ಮಾಡ್ಕೊಳ್ಳೋವರ್ಗೂ ಸುಮ್ಮನೆ ಕೂತಿರ್ತೀರಲ್ಲ ಸ್ವಾಮಿ, ನಮಗೂ ಅಷ್ಟು ಹೊತ್ತು ಕೊಡಿ." ಕೊಟ್ರು.