ಸುಖಾಂತ್ಯ ಬೇಕು, ಆದರೆ ಬಿಟ್ಟಿಯಾಗಿ ಬೇಡ

ಆಯ್ಕೆಗಳ ಮೇಲೆ ನಡೆಯುವ ಗೇಮ್‌ಗಳಲ್ಲಿ ಸುಖಾಂತ್ಯ ಇರಬೇಕಾ ಅನ್ನೋ ಮಾತು ಬಂದಾಗಲೆಲ್ಲ ಯಾರಾದರೂ ಒಬ್ಬರು "ಬದುಕಲ್ಲಿ ಎಲ್ಲ ಸುಖವಾಗಿ ಮುಗಿಯುತ್ತಾ? ದುಃಖ ಇದ್ದರೇನೇ ಕಥೆಗೆ ತೂಕ" ಅಂದುಬಿಡುತ್ತಾರೆ. ಉಳಿದವರು ತಲೆದೂಗುತ್ತಾರೆ. ಸುಖಾಂತ್ಯ ಕೇಳಿದವರು ಚಿಕ್ಕ ಮಕ್ಕಳ ಹಾಗೆ ಹಟ ಹಿಡಿದಿದ್ದಾರೆ ಅನ್ನಿಸಿಬಿಡುತ್ತದೆ. ನಾನು ಆ ಹಟ ಹಿಡಿದವರ ಪರ. ಸಿನಿಮಾಗೆ, ಕಾದಂಬರಿಗೆ ಯಾವ ಅಂತ್ಯ ಬೇಕಾದರೂ ಇರಲಿ. ಆದರೆ "ಈಗ ನೀನೇ ನಿರ್ಧಾರ ಮಾಡು" ಅಂತ ನಮ್ಮನ್ನ ಕೇಳುವ ಗೇಮ್‌ನಲ್ಲಿ ಒಳ್ಳೆಯದಾಗುವ ಒಂದು ದಾರಿ ಇರಬೇಕು. ಅದು ಸುಲಭದ ದಾರಿ ಆಗಿರಬೇಕು ಅಂತ ಹೇಳುತ್ತಿಲ್ಲ. ಇರಬೇಕು, ಅಷ್ಟೇ.

(ಮುಂದೆ ಒಂದಷ್ಟು ಗೇಮ್‌ಗಳ ಕೊನೆ ಏನಾಗುತ್ತದೆ ಅಂತ ಬಿಚ್ಚಿಯೇ ಹೇಳಿದ್ದೇನೆ. ಆಡದೇ ಇರುವವರು ನೋಡಿಕೊಂಡು ಓದಿ.)

ಸಿನಿಮಾದಲ್ಲಿ ನಾಯಕ ಸತ್ತರೆ ಅಳು ಬರುತ್ತದೆ, ಆದರೆ ಸಾಯಿಸಿದ್ದು ನಾವಲ್ಲ. ಗೇಮ್ ಹಾಗಲ್ಲ. ಕೈಗೆ ಕಂಟ್ರೋಲರ್ ಕೊಟ್ಟು, ಎರಡು ಬಟನ್ ತೋರಿಸಿ, ಆಮೇಲೆ "ನೋಡು, ನಿನ್ನಿಂದ ಹೀಗಾಯ್ತು" ಅನ್ನುತ್ತದೆ. ಸರಿ, ನನ್ನಿಂದಲೇ ಆಯ್ತು ಅಂತ ನಾನು ಒಪ್ಪಬೇಕಾದರೆ, ಬೇರೆ ಥರ ನಡೆದುಕೊಂಡಿದ್ದರೆ ಹೀಗಾಗುತ್ತಿರಲಿಲ್ಲ ಅನ್ನೋದೂ ನಿಜ ಆಗಿರಬೇಕು ಅಲ್ವಾ? ನಾನು ಏನೇ ಮಾಡಿದರೂ ಆ ಪಾತ್ರ ಸಾಯುವುದೇ ಆಗಿದ್ದರೆ ಅದು ಬರೆದವರ ನಿರ್ಧಾರ. ಅದನ್ನ ನನ್ನ ತಲೆಗೆ ಕಟ್ಟಬಾರದು. ತಪ್ಪಿಸಬಹುದಾಗಿದ್ದ ದುಃಖ ಮಾತ್ರ ನಮ್ಮನ್ನ ಚುಚ್ಚುತ್ತದೆ. ಹಾಗಾಗಿ ದುಃಖಾಂತ್ಯಕ್ಕೆ ತೂಕ ಬೇಕು ಅನ್ನುವವರೇ ಎಲ್ಲರಿಗಿಂತ ಮೊದಲು ಸುಖಾಂತ್ಯ ಕೇಳಬೇಕು.

ಇದನ್ನ ತುಂಬಾ ಚೆನ್ನಾಗಿ ಮಾಡಿದ ಗೇಮ್ ಅಂದರೆ ನನಗೆ 2015ರ 'ದಿ ವಿಚರ್ 3'. ಗೆರಾಲ್ಟ್ ತಾನು ಸಾಕಿದ ಮಗಳಂಥ ಹುಡುಗಿ ಸಿರಿಯನ್ನ ಹುಡುಕಿಕೊಂಡು ಹೋಗುವ ಕಥೆ. ಕೊನೆಯಲ್ಲಿ ಅವಳು ಬದುಕಬಹುದು, ಬದುಕದೇ ಇರಬಹುದು. ಇದನ್ನ ತೀರ್ಮಾನ ಮಾಡುವ ಆಯ್ಕೆಗಳನ್ನ ನೋಡಿ. ಕೇರ್ ಮೋರ್ಹೆನ್ ಕೋಟೆಯಲ್ಲಿ ಗೆರಾಲ್ಟ್‌ನ ಗುರು ವೆಸೆಮಿರ್ ಸತ್ತ ಮೇಲೆ ಸಿರಿ ಕುಸಿದು ಕೂತಿರುತ್ತಾಳೆ. ಆಗ ಗೆರಾಲ್ಟ್ "ಎಲ್ಲದರಲ್ಲೂ ನೀನೇ ಗೆಲ್ಲಬೇಕು ಅಂತ ಏನಿಲ್ಲ" ಅನ್ನುವ ಅರ್ಥದಲ್ಲಿ ಸಮಾಧಾನ ಹೇಳಿ ಜೊತೆಗೆ ಕೂತು ಕುಡಿಯಬಹುದು, ಇಲ್ಲಾ ಅವಳನ್ನ ಹೊರಗೆ ಕರೆದುಕೊಂಡು ಹೋಗಿ ಹಿಮದ ಉಂಡೆ ಎಸೆದಾಡಬಹುದು. ಮಾಟಗಾತಿಯರ ಸಭೆಗೆ ಅವಳ ಜೊತೆ ತಾನೂ ನುಗ್ಗಬಹುದು, ಇಲ್ಲಾ ಒಬ್ಬಳನ್ನೇ ಕಳಿಸಬಹುದು. ಒಂದು ಪ್ರಯೋಗಶಾಲೆಯಲ್ಲಿ ಅವಳಿಗೆ ಸಿಟ್ಟು ಬಂದಾಗ "ಸುಮ್ಮನಿರು" ಅನ್ನಬಹುದು, ಇಲ್ಲಾ ಅವಳ ಜೊತೆ ಸೇರಿ ತಾನೂ ಅದನ್ನ ಪುಡಿ ಮಾಡಬಹುದು. ತನಗಾಗಿ ಸತ್ತ ಹುಡುಗನ ಸಮಾಧಿಗೆ ಹೋಗಬೇಕು ಅಂತ ಅವಳು ಕೇಳಿದಾಗ ಹೂಂ ಅನ್ನಬಹುದು, ಟೈಮ್ ಇಲ್ಲ ಅನ್ನಬಹುದು.

ಇವುಗಳಲ್ಲಿ ಒಂದರ ಮುಂದೆಯೂ "ಸಿರಿಯ ಜೀವ ಇದರ ಮೇಲೆ ನಿಂತಿದೆ" ಅಂತ ಬೋರ್ಡ್ ಹಾಕಿಲ್ಲ. ಆಡುವಾಗ ಇವೆಲ್ಲ ಚಿಕ್ಕ ಮಾತುಗಳು. ಆದರೆ ಎಲ್ಲವೂ ಕೇಳುತ್ತಿರುವುದು ಒಂದೇ ಪ್ರಶ್ನೆ: ಬೆಳೆದ ಮಗಳನ್ನ ನೀನು ನಂಬುತ್ತೀಯಾ, ಇಲ್ಲಾ ಕೊನೆತನಕ ಕೈ ಹಿಡಿದೇ ನಡೆಸುತ್ತೀಯಾ? ನಂಬಿದರೆ ಅವಳು ಕೊನೆಯ ಸವಾಲನ್ನ ಒಬ್ಬಳೇ ಎದುರಿಸಿ ವಾಪಸ್ ಬರುತ್ತಾಳೆ. ನಂಬದೇ ಇದ್ದರೆ ಬರಲ್ಲ. ಆಗ ಗೆರಾಲ್ಟ್ ಜೌಗು ಪ್ರದೇಶಕ್ಕೆ ಹೋಗಿ, ಉಳಿದಿರುವ ಕೊನೆಯ ಮುದುಕಿ ರಾಕ್ಷಸಿಯನ್ನ ಕೊಂದು, ಅವಳ ಹತ್ತಿರ ಇದ್ದ ಸಿರಿಯ ಪದಕವನ್ನ ಕೈಯಲ್ಲಿ ಹಿಡಿದುಕೊಂಡು ಗುಡಿಸಲಲ್ಲಿ ಕೂತುಬಿಡುತ್ತಾನೆ, ಹೊರಗೆ ಪ್ರಾಣಿಗಳು ಮುತ್ತಿಕೊಳ್ಳುತ್ತಿರುತ್ತವೆ, ಅವನು ಏಳುವುದೇ ಇಲ್ಲ. ಆ ದೃಶ್ಯ ಅಷ್ಟು ಭಾರ ಆಗುವುದು ಇನ್ನೊಂದು ದಾರಿಯಲ್ಲಿ ಅದೇ ಸಿರಿ ನಗುತ್ತಾ ಹೊಸ ಕತ್ತಿ ಇಸಿದುಕೊಳ್ಳುತ್ತಾಳೆ ಅನ್ನೋ ಕಾರಣಕ್ಕೆ. ಎರಡರಲ್ಲಿ ಒಂದನ್ನ ಕಿತ್ತುಹಾಕಿ ನೋಡಿ, ಇನ್ನೊಂದು ಅರ್ಧಕ್ಕರ್ಧ ಸಪ್ಪೆಯಾಗುತ್ತದೆ.

ಇಷ್ಟು ದೊಡ್ಡ ಪರಿಣಾಮವನ್ನ ಇಷ್ಟು ಚಿಕ್ಕ ಮಾತಿನೊಳಗೆ ಬಚ್ಚಿಡೋದು ಮೋಸ ಅಂತ ವಾದ ಮಾಡುವವರಿದ್ದಾರೆ. ನನಗೆ ಹಾಗನ್ನಿಸಲ್ಲ. ಮಕ್ಕಳ ಜೊತೆ ನಾವು ಆಡುವ ಯಾವ ಮಾತು ಅವರ ಮನಸ್ಸಲ್ಲಿ ಉಳಿಯುತ್ತದೆ ಅಂತ ಯಾರೂ ಮೊದಲೇ ತಿಳಿಸಲ್ಲ. ಈ ಗೇಮ್ ಗಮನಿಸುವುದು ನಮ್ಮ ಸ್ವಭಾವವನ್ನ. ಯಾವುದೋ ಒಂದು ಬಟನ್‌ಗೆ ಇಲ್ಲಿ ಬಹುಮಾನ ಇಲ್ಲ.

ಇನ್ನೊಂದು ತುದಿಯಲ್ಲಿ 2009ರ 'ಡ್ರಾಗನ್ ಏಜ್: ಒರಿಜಿನ್ಸ್' ಇದೆ. ನನಗೆ ತುಂಬಾ ಪ್ರೀತಿಯ ಗೇಮ್, ಆದರೂ ಹೇಳಬೇಕು. ರೆಡ್‌ಕ್ಲಿಫ್ ಅನ್ನೋ ಊರಲ್ಲಿ ಕಾನರ್ ಅನ್ನೋ ಚಿಕ್ಕ ಹುಡುಗನ ಮೈಮೇಲೆ ಪಿಶಾಚಿ ಬಂದಿದೆ. ಅವನನ್ನ ಕೊಲ್ಲಬೇಕು, ಇಲ್ಲಾ ಅವನ ತಾಯಿ ತನ್ನ ಜೀವ ಕೊಟ್ಟು ರಕ್ತದ ಮಾಟಕ್ಕೆ ಬಲಿಯಾಗಬೇಕು. ಅತ್ತ ದರಿ ಇತ್ತ ಪುಲಿ. ಇಡೀ ಕೋಣೆಯಲ್ಲಿ ಉಸಿರು ಬಿಗಿಹಿಡಿದ ಹಾಗಿರುತ್ತದೆ. ಆಗ ಮೂರನೇ ಆಯ್ಕೆ ಕಾಣುತ್ತದೆ: ದೂರದ ಮಂತ್ರವಾದಿಗಳ ಗೋಪುರಕ್ಕೆ ಹೋಗಿ ಸಹಾಯ ತರುವುದು. ಆ ಗೋಪುರದಲ್ಲಿ ಒಂದು ದೊಡ್ಡ ಸಾಹಸವನ್ನೇ ಮುಗಿಸಬೇಕು, ಅದು ಗಂಟೆಗಟ್ಟಲೆ ಹಿಡಿಯುತ್ತದೆ. ಅಷ್ಟು ಹೊತ್ತು ಪಿಶಾಚಿ ಏನು ಮಾಡುತ್ತಿರುತ್ತದೆ? ಏನೂ ಇಲ್ಲ. ಊರು ಹಾಗೇ ಇರುತ್ತದೆ, ಹುಡುಗ ಹಾಗೇ ಇರುತ್ತಾನೆ, ನಾವು ಬಂದಾಗ ಎಲ್ಲರೂ ಬದುಕುತ್ತಾರೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಅಷ್ಟು ಚೆನ್ನಾಗಿ ಕಟ್ಟಿದ ಇಕ್ಕಟ್ಟು ಅಲ್ಲಿಗೆ ಸತ್ತುಹೋಯಿತು. ನಾವಿಲ್ಲದಾಗ ಹಳ್ಳಿಯ ನಾಲ್ಕು ಮನೆ ಸುಟ್ಟುಹೋಗಿದ್ದರೂ ಸಾಕಿತ್ತು, ಕಾನರ್‌ನನ್ನ ಉಳಿಸಿದ್ದಕ್ಕೆ ಒಂದು ಲೆಕ್ಕ ಇರುತ್ತಿತ್ತು.

ಬಿಟ್ಟಿ ಸುಖಾಂತ್ಯ ಅಂತ ನಾನು ಕರೆಯೋದು ಇದನ್ನೇ. ದುಃಖಾಂತ್ಯ ಇಷ್ಟ ಪಡುವವರ ಕೋಪ ಕೂಡ ನಿಜವಾಗಿ ಇದರ ಮೇಲೇ ಇರೋದು ಅಂತ ನನ್ನ ಅನುಮಾನ.

'ಮಾಸ್ ಎಫೆಕ್ಟ್' ಸರಣಿಯಲ್ಲಿ ಎರಡೂ ಸಿಗುತ್ತವೆ. 2010ರ ಎರಡನೇ ಭಾಗದ ಕೊನೆಯ ಕಾರ್ಯಾಚರಣೆಯಲ್ಲಿ ತಂಡದವರೆಲ್ಲ ಸಾಯಬಹುದು, ಎಲ್ಲರೂ ಬದುಕಬಹುದು. ಕೇಳೋಕೆ ಚೆನ್ನಾಗಿದೆ. ಆದರೆ ಬಾಹ್ಯಾಕಾಶದ ಹಡಗಿಗೆ ಕವಚ, ಗುರಾಣಿ, ತೋಪು ಹಾಕಿಸಿ, ಪ್ರತಿಯೊಬ್ಬರ ಸ್ವಂತ ಕೆಲಸ ಮುಗಿಸಿಕೊಟ್ಟು, ಕೊನೆಗೆ ಕೆಲಸಕ್ಕೆ ತಕ್ಕ ಜನರನ್ನ ಆರಿಸಿದರೆ ಮುಗಿಯಿತು. ಯಾವುದನ್ನೂ ಬಿಡದೆ ಆಡುವವರಿಗೆ ಯಾರೂ ಸಾಯಲ್ಲ. ಹಾಗಿದ್ದರೂ ಅಲ್ಲಿ ಎದೆ ಹೊಡೆದುಕೊಳ್ಳುತ್ತದೆ, ಅದನ್ನ ಒಪ್ಪಬೇಕು, ಯಾಕಂದರೆ ಮೊದಲ ಸಲ ಆಡುವಾಗ ಆ ಲೆಕ್ಕ ನಮಗೆ ಗೊತ್ತಿರಲ್ಲ.

2012ರ ಮೂರನೇ ಭಾಗದಲ್ಲಿ ರಾನಾಕ್ ಗ್ರಹದ ಜಗಳ ಇದಕ್ಕಿಂತ ಒಂದು ಕೈ ಮೇಲು. ಕ್ವೇರಿಯನ್ನರು ಒಂದು ಕಾಲದಲ್ಲಿ ಗೆತ್ ಅನ್ನೋ ಯಂತ್ರಗಳನ್ನ ಮಾಡಿದವರು, ಆಮೇಲೆ ಅವುಗಳಿಂದಲೇ ಮನೆ ಬಿಟ್ಟು ಓಡಿದವರು. ಇಬ್ಬರಲ್ಲಿ ಒಬ್ಬರನ್ನ ಉಳಿಸಬೇಕಾದ ಪರಿಸ್ಥಿತಿ. ಇಬ್ಬರನ್ನೂ ಉಳಿಸುವ ದಾರಿ ಇದೆ, ಆದರೆ ಅದರ ಬೀಜ ಬಿತ್ತಿರಬೇಕಾದ್ದು ಹಿಂದಿನ ಗೇಮ್‌ನಲ್ಲಿ: ನಮ್ಮ ತಂಡದ ಕ್ವೇರಿಯನ್ ಹುಡುಗಿ ಟಾಲಿಯನ್ನ ಅವಳ ಜನ ಹೊರಹಾಕದ ಹಾಗೆ ನೋಡಿಕೊಂಡಿರಬೇಕು, ಲೀಜನ್ ಅನ್ನೋ ಗೆತ್ ಬದುಕಿರಬೇಕು, ಅವರಿಬ್ಬರ ಜಗಳವನ್ನ ಸರಿಯಾಗಿ ಬಿಡಿಸಿರಬೇಕು. ಇಷ್ಟೆಲ್ಲ ಆದ ಮೇಲೂ, ಎಲ್ಲಕ್ಕಿಂತ ಒಳ್ಳೆಯ ಫಲಿತಾಂಶದಲ್ಲೂ, ತನ್ನ ಜನರಿಗಾಗಿ ಲೀಜನ್ ತನ್ನನ್ನೇ ಕಳೆದುಕೊಳ್ಳುತ್ತದೆ. ಗೆತ್‌ಗಳಿಗೆ ಆತ್ಮ ಇದೆಯಾ ಅನ್ನೋ ಹಳೇ ಪ್ರಶ್ನೆಗೆ ಟಾಲಿ ಆ ಕ್ಷಣದಲ್ಲಿ ಹೌದು ಅಂತ ಉತ್ತರ ಕೊಡುತ್ತಾಳೆ, ಲೀಜನ್ ತನಗೆ ಅದು ಗೊತ್ತು ಅನ್ನುತ್ತದೆ. ಎರಡು ಜನಾಂಗ ಉಳಿಯಿತು, ಒಬ್ಬ ಗೆಳೆಯ ಹೋದ. ನಾನು ಕೇಳುವ ಸುಖಾಂತ್ಯ ಹೀಗಿರಬೇಕು.

ಅದೇ ಗೇಮ್‌ನ ಕೊನೆಯ ಹತ್ತು ನಿಮಿಷದಲ್ಲಿ ಎಲ್ಲ ಎಡವಟ್ಟಾಯಿತು ಅನ್ನೋದು ಎಲ್ಲರಿಗೂ ಗೊತ್ತು. ಮೂರು ಗೇಮ್‌ಗಳಲ್ಲಿ ಮಾಡಿದ ಆಯ್ಕೆಗಳೆಲ್ಲ ಬಂದು ಸೇರಿದ್ದು ಮೂರು ಬಣ್ಣದ ಅಂತ್ಯಗಳಿಗೆ, ಕೆಂಪು, ನೀಲಿ, ಹಸಿರು. ಆಟಗಾರರು ಸಿಟ್ಟಾದರು, ಅಭಿಯಾನ ಮಾಡಿದರು, ಆ ಅಭಿಯಾನದ ಹೆಸರಲ್ಲೇ ಮಕ್ಕಳ ಆಸ್ಪತ್ರೆಗಳಿಗೆ ನೆರವಾಗುವ ಸಂಸ್ಥೆಯೊಂದಕ್ಕೆ 80,000 ಡಾಲರ್‌ಗೂ ಜಾಸ್ತಿ ಹಣ ಕೂಡಿಸಿದರು. ಆಗ ಅವರನ್ನ "ಸುಖಾಂತ್ಯಕ್ಕೆ ಅಳುವವರು" ಅಂತ ಹೀಯಾಳಿಸಿದವರು ಬಹಳ ಜನ. ಅದು ಅನ್ಯಾಯ. ಅವರಲ್ಲಿ ಹೆಚ್ಚಿನವರ ದೂರು ನಾವು ಆಡುವ ಪಾತ್ರ ಶೆಪರ್ಡ್ ಸತ್ತದ್ದರ ಬಗ್ಗೆ ಆಗಿರಲಿಲ್ಲ, ತಮ್ಮ ಆಯ್ಕೆಗಳಿಗೆ ಬೆಲೆಯೇ ಸಿಗಲಿಲ್ಲ ಅನ್ನೋದರ ಬಗ್ಗೆ ಆಗಿತ್ತು. ಅದೇ ವರ್ಷ ಜೂನ್‌ನಲ್ಲಿ ಕಂಪನಿ ಉಚಿತವಾಗಿ ಉದ್ದ ಮಾಡಿದ ಎಂಡಿಂಗ್ ಕೊಟ್ಟಾಗ ಅದರಲ್ಲಿ ಹೊಸದಾಗಿ ಯಾರನ್ನೂ ಬದುಕಿಸಿರಲಿಲ್ಲ, ಯಾರಿಗೆ ಏನಾಯಿತು ಅಂತ ತೋರಿಸಿದ್ದರು. ಅಷ್ಟಕ್ಕೇ ಎಷ್ಟೋ ಜನ ಸಮಾಧಾನ ಆದರು.

ಇನ್ನೊಂದು ಉದಾಹರಣೆ ಬಿಡೋಕೆ ಮನಸ್ಸಾಗುತ್ತಿಲ್ಲ. 2008ರ 'ಫಾಲ್ಔಟ್ 3' ಕೊನೆಯಲ್ಲಿ ವಿಕಿರಣ ತುಂಬಿದ ಕೋಣೆಯೊಳಗೆ ಯಾರಾದರೂ ಹೋಗಬೇಕು, ಹೋದವರು ಸಾಯುತ್ತಾರೆ. ನಮ್ಮ ಪಕ್ಕದಲ್ಲೇ ಫಾಕ್ಸ್ ಅನ್ನೋ ಜೊತೆಗಾರ ನಿಂತಿರಬಹುದು. ಅವನಿಗೆ ವಿಕಿರಣದಿಂದ ಏನೂ ಆಗಲ್ಲ, ಸ್ವಲ್ಪ ಹಿಂದೆಯಷ್ಟೇ ಅಂಥದ್ದೇ ಜಾಗಕ್ಕೆ ನಮಗೋಸ್ಕರ ಹೋಗಿ ಬಂದವನು. ಈಗ ಕೇಳಿದರೆ, ಇದು ನಿನ್ನ ವಿಧಿ, ನಿನ್ನಿಂದ ಕಸಿದುಕೊಳ್ಳಲ್ಲ ಅನ್ನೋ ಥರ ಮಾತಾಡಿ ನಿಂತುಬಿಡುತ್ತಾನೆ! ಬರೆದವರಿಗೆ ತ್ಯಾಗದ ಅಂತ್ಯ ಬೇಕಿತ್ತು, ಅದಕ್ಕೆ ಒಬ್ಬ ಒಳ್ಳೆಯ ಪಾತ್ರವನ್ನ ದಡ್ಡನನ್ನಾಗಿ ಮಾಡಿದರು. 2009ರಲ್ಲಿ ಬಂದ ಬ್ರೋಕನ್ ಸ್ಟೀಲ್ ವಿಸ್ತರಣೆಯಲ್ಲಿ ಅವನನ್ನ ಕಳಿಸಬಹುದು ಅಂತ ತಿದ್ದಿದರು, ಆದರೆ ಕಳಿಸಿದರೆ ನಿರೂಪಕ ನಮ್ಮನ್ನೇ ಸ್ವಾರ್ಥಿ ಅನ್ನೋ ಹಾಗೆ ಚುಚ್ಚುತ್ತಾನೆ. ಬುದ್ಧಿ ಉಪಯೋಗಿಸಿದ್ದಕ್ಕೆ ಬೈಗುಳ. ದುಃಖ ತಾನಾಗೇ ಆಳ ತರುತ್ತದೆ ಅನ್ನುವವರು ಈ ಕೋಣೆಯ ಬಾಗಿಲಲ್ಲಿ ಒಂದು ನಿಮಿಷ ನಿಂತು ನೋಡಬೇಕು.

ಹಾಗಾದರೆ ಸುಖಾಂತ್ಯ ಇಲ್ಲದ ಗೇಮ್ ಇರಲೇಬಾರದಾ? ಇರಬಹುದು, ಒಂದು ಷರತ್ತಿನ ಮೇಲೆ: ಯಾವ ವಿಷಯ ನನ್ನ ಕೈಯಲ್ಲಿದೆ, ಯಾವುದು ಇಲ್ಲ ಅಂತ ನನ್ನ ಹತ್ತಿರ ಪ್ರಾಮಾಣಿಕವಾಗಿರಬೇಕು. 2012ರ 'ದಿ ವಾಕಿಂಗ್ ಡೆಡ್' ಗೇಮ್‌ನಲ್ಲಿ ನಾಲ್ಕನೇ ಕಂತು ಮುಗಿಯುವಾಗ ನಾವು ಆಡುವ ಪಾತ್ರ ಲೀಗೆ ಜೋಂಬಿ ಕಚ್ಚಿಬಿಡುತ್ತದೆ. ಕೈ ಕತ್ತರಿಸಿದರೂ ಅವನು ಉಳಿಯಲ್ಲ. ಇಡೀ ಐದನೇ ಕಂತನ್ನ ನಾವು ಅದು ಗೊತ್ತಿದ್ದೇ ಆಡುತ್ತೇವೆ. ಆದರೆ ಆ ಗೇಮ್ ನಮಗೆ ಲೀಯ ಜೀವವನ್ನ ಯಾವತ್ತೂ ಒಪ್ಪಿಸಿರಲೇ ಇಲ್ಲ, ಒಪ್ಪಿಸಿದ್ದು ಕ್ಲೆಮೆಂಟೈನ್ ಅನ್ನೋ ಪುಟ್ಟ ಹುಡುಗಿಯನ್ನ. ರೈಲಿನಲ್ಲಿ ಅವಳಿಗೆ ಗುರಿಯಿಟ್ಟು ಹೊಡೆಯೋದು ಕಲಿಸಿದ್ದು, ಯಾರೂ ಹಿಡಿದೆಳೆಯಬಾರದು ಅಂತ ಅವಳ ಕೂದಲು ಕತ್ತರಿಸಿದ್ದು, ಕೊನೆಗೆ ಉಸಿರು ಸಿಕ್ಕಿಕೊಳ್ಳುತ್ತಿರುವಾಗ ಅವಳಿಗೆ ಯಾವ ಮಾತು ಹೇಳಬೇಕು ಅಂತ ಆರಿಸಿದ್ದು, ಇವಷ್ಟೇ ನಮ್ಮ ಕೈಯಲ್ಲಿದ್ದವು. ಅವಳು ಬದುಕಿ ಹೊರಗೆ ಬಂದಳು. ನನ್ನ ಪ್ರಕಾರ ಅದು ಸುಖಾಂತ್ಯವೇ.

'ಸೈಬರ್‌ಪಂಕ್ 2077'ಗೆ 2023ರಲ್ಲಿ ಬಂದ ಫ್ಯಾಂಟಮ್ ಲಿಬರ್ಟಿ ವಿಸ್ತರಣೆಯ ಬಗ್ಗೆಯೂ ಜನ ಜಗಳ ಆಡುತ್ತಾರೆ. ತಲೆಯೊಳಗಿನ ಚಿಪ್‌ನಿಂದ ಸಾಯುತ್ತಿದ್ದ 'ವಿ' ಅನ್ನೋ ಮುಖ್ಯ ಪಾತ್ರ ಅದರಲ್ಲಿ ಉಳಿಯಬಹುದು. ಬೆಲೆ ಏನು ಅಂದರೆ ಎರಡು ವರ್ಷ ಕೋಮಾ, ಇನ್ನು ಮೇಲೆ ಹೋರಾಡುವ ಶಕ್ತಿ ಇಲ್ಲ, ಫೋನ್ ಮಾಡಿದರೆ ಗೆಳೆಯರೆಲ್ಲ ತಮ್ಮ ತಮ್ಮ ಬದುಕಲ್ಲಿ ಮುಂದೆ ಹೋಗಿದ್ದಾರೆ. ಕೆಲವರು ಇದನ್ನ ಎಲ್ಲಕ್ಕಿಂತ ಕ್ರೂರ ಅಂತ್ಯ ಅನ್ನುತ್ತಾರೆ. ನನಗೆ ಅದು ಇಷ್ಟ. ಬದುಕುವುದು ಮುಖ್ಯ ಅಂದವರಿಗೆ ಬದುಕು ಕೊಟ್ಟಿದೆ, ಹೆಸರು ಮುಖ್ಯ ಅಂದವರಿಗೆ ಬೇರೆ ಅಂತ್ಯಗಳಿವೆ. ಸುಖ ಅಂದರೆ ಏನು ಅಂತ ಅದು ನಮ್ಮನ್ನೇ ಕೇಳುತ್ತದೆ.

ಕೊನೆಗೆ ಎಲ್ಲರೂ ಎತ್ತುವ ಒಂದು ಆಕ್ಷೇಪಣೆ: ಸುಖಾಂತ್ಯ ಇಟ್ಟರೆ ಜನ ಅದನ್ನೇ "ಸರಿಯಾದ" ಎಂಡಿಂಗ್ ಅಂದುಕೊಂಡು, ಗೈಡ್ ನೋಡಿ, ಹಳೇ ಸೇವ್ ಲೋಡ್ ಮಾಡಿ ಮಾಡಿ ಅಲ್ಲಿಗೇ ಹೋಗುತ್ತಾರೆ, ಉಳಿದದ್ದೆಲ್ಲ ವ್ಯರ್ಥ. ಹೋಗುತ್ತಾರೆ, ನಿಜ. ಅದಕ್ಕೆ ಬೇಕಾದರೆ 2015ರ 'ಅಂಟಿಲ್ ಡಾನ್' ಥರ ಮಾಡಬಹುದು. ಅಲ್ಲಿ ಗೇಮ್ ತಾನೇ ಸೇವ್ ಮಾಡಿಕೊಳ್ಳುತ್ತಾ ಹೋಗುತ್ತದೆ, ಎಂಟು ಜನರಲ್ಲಿ ಒಬ್ಬರು ಸತ್ತರೆ ಹಿಂದಕ್ಕೆ ಹೋಗೋಕೆ ಬಿಡಲ್ಲ. ಏಳು ಜನ ಕ್ಷೇಮವಾಗಿ ಹೊರಗೆ ಬರುವ ದಾರಿಯೂ ಅದರಲ್ಲಿ ಇದೆ. ಅಥವಾ ಅದೇ ವರ್ಷದ 'ಅಂಡರ್‌ಟೇಲ್' ಥರ: ಎಲ್ಲರನ್ನೂ ಉಳಿಸಿದ ಅಂತ್ಯ ಮುಗಿಸಿ ಗೇಮ್ ಮತ್ತೆ ತೆರೆದರೆ, ಇವರನ್ನ ಸುಖವಾಗಿ ಬಿಟ್ಟುಬಿಡು, ಮತ್ತೆ ಮೊದಲಿಂದ ಶುರು ಮಾಡಬೇಡ ಅಂತ ನಮ್ಮನ್ನ ಕೇಳಿಕೊಳ್ಳುತ್ತದೆ. ರೀಸೆಟ್ ಬಟನ್ ಅಲ್ಲೇ ಇರುತ್ತದೆ, ಒತ್ತಬಹುದು. ಎಲ್ಲರನ್ನೂ ಕೊಂದು ಒಮ್ಮೆ ಮುಗಿಸಿದವರಿಗಂತೂ ಆಮೇಲೆ ಆಡಿದ ಒಳ್ಳೆಯ ಅಂತ್ಯದ ಮೇಲೂ ಅದರ ಕಲೆ ಉಳಿಯುತ್ತದೆ, ರೀಸೆಟ್ ಒತ್ತಿದರೂ ಹೋಗಲ್ಲ. ಇಷ್ಟೆಲ್ಲ ಉಪಾಯ ಇರುವಾಗ, ಜನ ಗೈಡ್ ನೋಡುತ್ತಾರೆ ಅನ್ನೋ ಒಂದೇ ಕಾರಣಕ್ಕೆ ಒಳ್ಳೆಯ ದಾರಿಯನ್ನೇ ಮುಚ್ಚಬೇಕು ಅನ್ನೋದನ್ನ ನಾನಂತೂ ಒಪ್ಪಲ್ಲ. ಗೈಡ್ ನೋಡುವವರು ನೋಡಲಿ ಬಿಡಿ. ತಮಗೆ ಇಷ್ಟವಾದ ಪಾತ್ರವನ್ನ ಉಳಿಸೋಕೆ ಒಬ್ಬರು ಆ ಗೇಮ್‌ನ ಇನ್ನೊಂದು ಸಲ ಪೂರ್ತಿ ಆಡುತ್ತಾರೆ ಅಂದರೆ ಬರೆದವರಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಇನ್ನೇನಿದೆ?