ಖಾಲಿ ಚೀಲದ ತೂಕ

ಕಲಬುರಗಿಯ ಒಂದು ತೊಗರಿ ಬೇಳೆ ಮಿಲ್‌ನಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ನಮ್ಮಲ್ಲಿ ಕಾಂಟಾ, ಅಂದರೆ ತೂಕದ ಯಂತ್ರ, ನೋಡಿಕೊಳ್ಳುವ ಹುಡುಗನೊಬ್ಬ ಇದ್ದ. ಎಲ್ಲರಿಗೂ ಬೇಕಾದವನು. ಬಿಸಿಲಲ್ಲಿ ಬಂದ ರೈತರಿಗೆ ತಾನೇ ನೀರು ತಂದುಕೊಡುತ್ತಿದ್ದ. ಹಮಾಲರ ಮಕ್ಕಳ ಹೆಸರೆಲ್ಲ ಅವನಿಗೆ ಬಾಯಿಪಾಠ.

ಸುಗ್ಗಿಯ ಗದ್ದಲದಲ್ಲಿ ಆಳಂದ ಕಡೆಯ ರೈತರೊಬ್ಬರು ತೂಕದ ಪಟ್ಟಿ ಹಿಡಿದು ಬಂದರು. ಚೀಲದ ತೂಕ ಅಂತ ಒಂದೊಂದಕ್ಕೂ ಒಂದು ಕಿಲೋ ಕಳೆದಿತ್ತು. 40 ಚೀಲ ತೊಗರಿ. "ಸಾಹೇಬ್ರ, ಖಾಲಿ ಚೀಲ ಒಮ್ಮೆ ಕಾಂಟಾದ ಮ್ಯಾಗ ಇಟ್ಟು ನೋಡ್ರಿ" ಅಂದರು. ನಾನು ಕುರ್ಚಿಯಿಂದ ಏಳಲಿಲ್ಲ. "ಅಂವ ಅಂಥಾವ ಅಲ್ರಿ ಕಾಕಾ" ಅಂದೆ. ಅವರು ಪಟ್ಟಿ ಮಡಚಿ ಜೇಬಿಗಿಟ್ಟುಕೊಂಡು ಹೋದರು.

ಅದೇ ವಾರ ಒಂದು ರಾತ್ರಿ 'ಸೈಕೋ' ನೋಡಿದೆ. ಹಿಚ್‌ಕಾಕ್ 1960ರಲ್ಲಿ ಮಾಡಿದ ಕಪ್ಪು-ಬಿಳುಪು ಚಿತ್ರ. ಸ್ನಾನದ ಮನೆಯ ಕೊಲೆಗೆ ಎಲ್ಲರೂ ಹೆದರುತ್ತಾರೆ. ನನ್ನ ನಿದ್ದೆ ಕೆಡಿಸಿದ್ದು ಅದರ ನಂತರದ ದೃಶ್ಯ. ಲಾಡ್ಜ್ ನಡೆಸುವ ನಾರ್ಮನ್ ನೆಲ ಒರೆಸುತ್ತಾನೆ, ಹೆಣವನ್ನು ಕಾರಿನ ಡಿಕ್ಕಿಗೆ ಹಾಕಿ, ಕಾರನ್ನು ಕೆಸರಿನ ಹೊಂಡಕ್ಕೆ ತಳ್ಳುತ್ತಾನೆ. ಕಾರು ಅರ್ಧ ಮುಳುಗಿ ನಿಂತುಬಿಡುತ್ತದೆ. ಅವನ ಮುಖದಲ್ಲಿ ಗಾಬರಿ. ನಾನು ಉಸಿರು ಬಿಗಿಹಿಡಿದು 'ಮುಳುಗಪ್ಪಾ, ಮುಳುಗು' ಅಂತಿದ್ದೆ! ಹೆಣ ಬಚ್ಚಿಡುವವನ ಪರವಾಗಿ. ಸತ್ತ ಆ ಹೆಣ್ಣುಮಗಳು ನನಗೆ ಆಗಲೇ ಮರೆತುಹೋಗಿದ್ದಳು.

ಇದು ಸುಮ್ನೆ ಆಗಿದ್ದಲ್ಲ. ರಾಬರ್ಟ್ ಬ್ಲಾಕ್ 1959ರಲ್ಲಿ ಬರೆದ ಮೂಲ ಕಾದಂಬರಿಯಲ್ಲಿ ನಾರ್ಮನ್ ನಡುವಯಸ್ಸಿನ ದಪ್ಪ ಮನುಷ್ಯ, ಕುಡಿಯುತ್ತಾನೆ. ಹಿಚ್‌ಕಾಕ್ ಆ ಪಾತ್ರಕ್ಕೆ ತೆಳ್ಳಗಿನ, ನಾಚಿಕೆಯ ಆಂಥೊನಿ ಪರ್ಕಿನ್ಸ್‌ನನ್ನು ತಂದರು. ನೋಡಿದರೆ ಪಾಪ ಅನಿಸುವ ಹುಡುಗ.

ನಮ್ಮ ಕಾಂಟಾದ ಹುಡುಗ ಕೊಲೆಗಾರನಲ್ಲ, ಆ ಮಾತು ಬೇರೆ. ಆದರೆ ನಾನು ಅವನ ನಗು ನೋಡಿ ತೂಕ ನಂಬಿದ್ದೆ, ಅಲ್ವಾ? ಆ ಕಾಕಾ ಕೇಳಿದ್ದು ಎರಡು ನಿಮಿಷದ ಕೆಲಸ.

ಬೆಳಗ್ಗೆ ಯಾರೂ ಬರುವ ಮೊದಲೇ ಹತ್ತು ಖಾಲಿ ಚೀಲ ಕಾಂಟಾದ ಮೇಲೆ ಇಟ್ಟೆ. ಆರು ಕಿಲೋ ಕೂಡ ಆಗಲಿಲ್ಲ. ಹಾಗಾದರೆ 40 ಚೀಲಕ್ಕೆ 16 ಕಿಲೋಗಿಂತ ಜಾಸ್ತಿ ತೊಗರಿ ಆ ಮನುಷ್ಯನ ಕೈ ತಪ್ಪಿತ್ತು. ಚೀಲ ಇಳಿಸಿ ಮಾಲೀಕರಿಗೆ ಫೋನ್ ಮಾಡಿದೆ.

ಈಗ ಖಾಲಿ ಚೀಲ ತೂಗದೆ ಪಟ್ಟಿ ಬರೆಯುವುದಿಲ್ಲ. ತೂಗುವಾಗ ರೈತರನ್ನೂ ಪಕ್ಕದಲ್ಲೇ ನಿಲ್ಲಿಸಿಕೊಳ್ಳುತ್ತೇನೆ. ಆಳಂದದ ಕಾಕಾ ಬಂದು ಬಾಕಿ ದುಡ್ಡು ತಗೊಂಡರು. ಎಣಿಸಿ ನೋಡಿ, "ಉಳಿದವರ್ದು ಹ್ಯಾಂಗ್ರಿ?" ಅಂತ ಕೇಳಿದರು. ಹಳೆಯ ಪಟ್ಟಿಗಳ ಕಟ್ಟು ಬಿಚ್ಚಿ ಕೂತಿದ್ದೇನೆ.