“ಗುಣ ಆಗಿತ್ತಲ್ಲ, ಮತ್ತೆ ಬಂತಾ?”

ಈ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಹೇಳುವುದಿಲ್ಲ. ಇಲ್ಲಿ ಬರೆದಿದ್ದೇನೆ, ಓದಿಕೊಳ್ಳಿ.

ಕ್ಯಾನ್ಸರ್ ಮತ್ತೆ ಬಂದಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಡಾಕ್ಟರಿಗೂ ಗೊತ್ತಿಲ್ಲ.

2015ರಲ್ಲಿ ನನಗೆ ಸ್ತನದಲ್ಲಿ ಕ್ಯಾನ್ಸರ್ ಗಡ್ಡೆ ಇತ್ತು. ಆಪರೇಷನ್ ಆಯಿತು, ಆರು ಕೀಮೋ ಆಯಿತು, ಕರೆಂಟು (ರೇಡಿಯೇಷನ್) ಕೊಟ್ಟರು, ಆಮೇಲೆ 5 ವರ್ಷ ದಿನಾ ಒಂದು ಟ್ಯಾಮಾಕ್ಸಿಫೆನ್ ಅನ್ನುವ ಹಾರ್ಮೋನ್ ತಡೆಯುವ ಮಾತ್ರೆ. ಈ ಏಪ್ರಿಲ್‌ನಲ್ಲಿ ಪಕ್ಕೆ ನೋವು ಬಂತು. ಬಳ್ಳಾರಿ ಬಿಸಿಲು, ನೀರು ಕುಡಿಯುವುದು ಕಮ್ಮಿ, ಕಿಡ್ನಿ ಕಲ್ಲಿರಬೇಕು ಅಂತ ಸಿಟಿ ಸ್ಕ್ಯಾನ್ ಮಾಡಿಸಿದೆ. ಕಲ್ಲು ಸಿಕ್ಕಿತು. ಆದರೆ ಹೊಟ್ಟೆಯ ಸ್ಕ್ಯಾನ್ ತೆಗೆಯುವಾಗ ಶ್ವಾಸಕೋಶದ ಕೆಳತುದಿಯೂ ಸ್ವಲ್ಪ ಸೇರಿಕೊಳ್ಳುತ್ತದೆ. ಅಲ್ಲಿ, ಬಲಗಡೆ, 6 ಮಿಲಿಮೀಟರಿನ ಒಂದು ಚುಕ್ಕೆ. ರಿಪೋರ್ಟಿನ ಕಟ್ಟಕಡೆಯ ಸಾಲಿನಲ್ಲಿತ್ತು. ಕೌಂಟರಿನ ಹುಡುಗ ಕವರು ಕೈಗಿಟ್ಟ, ನಾನು ಆಟೋದಲ್ಲಿ ಕೂತು ಓದಿದೆ. ಆ ಸಾಲನ್ನು ಎಷ್ಟು ಸಲ ಓದಿದೆನೋ, ಮನೆ ದಾಟಿ ಮುಂದೆ ಹೋಗಿದ್ದೇ ಗೊತ್ತಾಗಲಿಲ್ಲ.

ಮೇ ತಿಂಗಳಲ್ಲಿ ಸಿರುಗುಪ್ಪದಲ್ಲಿ ಒಂದು ಮದುವೆ. ಊಟಕ್ಕೆ ಕೂತಿದ್ದೆವು, ಪಕ್ಕದಲ್ಲಿ ಮಗಳು. ಎದುರು ಸಾಲಿನಿಂದ ನಮ್ಮ ದೊಡ್ಡಮ್ಮ ಒಬ್ಬರು ಎಲ್ಲರಿಗೂ ಕೇಳುವ ಹಾಗೆ, “ಯಾಕವಾ, ಗುಣ ಆಗೈತಿ ಅಂದಿದ್ದಿ, ಮತ್ತ ಬಂತಂತಲ್ಲ?” ಅಂದರು. ಹುಗ್ಗಿ ಬಡಿಸುತ್ತಿದ್ದವನ ಸೌಟು ಹಾಗೇ ನಿಂತಿತು. ಮಗಳು ಹೋಳಿಗೆ ಮುರಿಯುತ್ತಿದ್ದಳು. ಅವಳ ಕೈಯೂ ನಿಂತಿತು. ಅವಳಿಗೆ ನಾನು ಇನ್ನೂ ಹೇಳಿರಲಿಲ್ಲ. ಪರೀಕ್ಷೆ ಮುಗಿಯಲಿ, ಮದುವೆ ಮುಗಿಯಲಿ, ಆಮೇಲೆ ಹೇಳೋಣ ಅಂತ ಇದ್ದೆ. ಬಳ್ಳಾರಿಗೆ ಬರುವವರೆಗೂ ಬಸ್ಸಿನಲ್ಲಿ ಅವಳು ಒಂದು ಮಾತಾಡಲಿಲ್ಲ, ಕಿಟಕಿಯಾಚೆ ಗದ್ದೆ ನೋಡುತ್ತಾ ಕೂತಿದ್ದಳು. ಇದನ್ನು ನಾನು ದೊಡ್ಡಮ್ಮನಿಗೆ ಕ್ಷಮಿಸಿಲ್ಲ.

“ಅಂದಿದ್ದಿ” ಅಂದರೆ ಏನರ್ಥ? ನಾನು ಸುಳ್ಳು ಹೇಳಿದೆನಾ? 2020ರಲ್ಲಿ ಡಾಕ್ಟರು ಬರೆದ ಚೀಟಿ ಇನ್ನೂ ನನ್ನ ಫೈಲಿನಲ್ಲಿದೆ. ಸದ್ಯಕ್ಕೆ ಕಾಯಿಲೆಯ ಗುರುತು ಕಾಣುತ್ತಿಲ್ಲ ಅಂತ ಬರೆದಿದ್ದಾರೆ, ಅಷ್ಟೇ. ಅದನ್ನು “ಗುಣ ಆಯಿತು” ಅಂತ ಮಾಡಿಕೊಂಡು ಪೇಡೆ ಹಂಚಿದವರು ನಾವು. 5 ವರ್ಷ ದಾಟಿದರೆ ಮುಗಿಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನನಗಿದ್ದದ್ದು ಹಾರ್ಮೋನಿನಿಂದ ಬೆಳೆಯುವ ಜಾತಿ. ಅದರ ಕಣಗಳು ಎಲ್ಲೋ ಸುಮ್ನೆ ಮಲಗಿದ್ದು, 15-20 ವರ್ಷದ ಮೇಲೂ ಏಳಬಹುದು. ಎಲ್ಲರಿಗೂ ಹಾಗಾಗುವುದಿಲ್ಲ, ಕೆಲವರಿಗೆ ಆಗುತ್ತದೆ. ಎದ್ದರೆ ಅದು ನಾನು ಪಥ್ಯ ತಪ್ಪಿದ್ದಕ್ಕಲ್ಲ, ದುರ್ಗಮ್ಮನ ಹರಕೆ ಬಾಕಿ ಇಟ್ಟಿದ್ದಕ್ಕೂ ಅಲ್ಲ. ಇನ್ನು “ಈಗ ಲಂಗ್ಸ್ ಕ್ಯಾನ್ಸರ್ ಅಂತೆ” ಅಂತ ಸುದ್ದಿ ಹಬ್ಬಿಸುವವರಿಗೆ ಒಂದು ಮಾತು. ಸ್ತನದ ಕ್ಯಾನ್ಸರ್ ಶ್ವಾಸಕೋಶಕ್ಕೆ ಹೋದರೂ ಅದು ಸ್ತನದ ಕ್ಯಾನ್ಸರೇ, ಔಷಧಿಯೂ ಅದರದ್ದೇ.

“ಸೂಜಿ ಚುಚ್ಚಿ ನೋಡಬಾರದಾ? ಪೆಟ್ ಸ್ಕ್ಯಾನ್ ಮಾಡಿಸಬಾರದಾ?” ಅಂತಲೂ ಕೇಳುತ್ತಾರೆ. ನಾನೂ ಕೇಳಿದೆ. ಇಷ್ಟು ಚಿಕ್ಕದಕ್ಕೆ ಸೂಜಿ ಸರಿಯಾಗಿ ತಗಲುವುದು ಕಷ್ಟ. ಪೆಟ್ ಸ್ಕ್ಯಾನಿನಲ್ಲಿ ಕ್ಯಾನ್ಸರ್ ಇರುವ ಜಾಗ ಬೆಳಗುತ್ತದೆ, ಆದರೆ 8 ಮಿಲಿಮೀಟರಿಗಿಂತ ಸಣ್ಣದಾದರೆ ಅದನ್ನೂ ನಂಬುವ ಹಾಗಿಲ್ಲ. ಅದೂ ಅಲ್ಲದೆ ಟಿಬಿ ಇದ್ದರೂ ಅದರಲ್ಲಿ ಬೆಳಗುತ್ತದೆ. “ಮನೆಯಲ್ಲಿ ಯಾರಿಗಾದರೂ ಟಿಬಿ ಇತ್ತಾ?” ಅಂತ ಡಾಕ್ಟರು ಕೇಳಿದಾಗ ಅಪ್ಪ ನೆನಪಾದರು. ನಾನು ಚಿಕ್ಕವಳಿದ್ದಾಗ ಒಂದೇ ಕೋಣೆಯ ಮನೆ. ಅವರು ಕೆಮ್ಮುತ್ತಿದ್ದರು, ನಾವು ಮೂವರು ಮಕ್ಕಳು ಅವರ ಪಕ್ಕದಲ್ಲೇ ಮಲಗುತ್ತಿದ್ದೆವು. ಆ ಕಾಲದ ಗಾಯ ಮಾಗಿದ ಕಲೆಯೂ ಹೀಗೇ ಚುಕ್ಕೆಯಾಗಿ ಕಾಣಬಹುದಂತೆ. ಅದೇ ಆಗಿರಲಿ ಅಂತ ದಿನಾ ಬೇಡಿಕೊಳ್ಳುತ್ತೇನೆ. 3 ತಿಂಗಳು ಬಿಟ್ಟು ಬೆಂಗಳೂರಿನಲ್ಲಿ ಮತ್ತೆ ಸ್ಕ್ಯಾನ್. ಬೆಳೆದಿದ್ದರೆ ಒಂದು ದಾರಿ, ಹಾಗೇ ಇದ್ದರೆ ಇನ್ನಷ್ಟು ದಿನ ಕಾಯುವುದು.

ಈ 3 ತಿಂಗಳು ಹೇಗೆ ಕಳೆಯುತ್ತಿದೆ ಅಂತ ಯಾರೂ ಕೇಳಲಿಲ್ಲ. ಒಂದು ಕೆಮ್ಮು ಬಂದರೆ ರಾತ್ರಿಯೆಲ್ಲ ಎದ್ದು ಕೂರುತ್ತೇನೆ. ಕವರನ್ನು ಅಲ್ಮೇರಾ ಮೇಲೆ ಇಟ್ಟಿದ್ದೇನೆ, ಅಲ್ಲಿಗೆ ಕೈ ಹಾಕಲು ಸ್ಟೂಲು ಬೇಕಾಗುವಷ್ಟು ಹಿಂದಕ್ಕೆ.

ಮೊನ್ನೆ ನಮಗೆ ಖಡಕ್ ರೊಟ್ಟಿ ತಂದುಕೊಡುವ ಅಕ್ಕ ಬಂದಿದ್ದರು. ಅವರಿಗೂ ಸುದ್ದಿ ಮುಟ್ಟಿದೆ. ಬಾಗಿಲಲ್ಲೇ ಬುಟ್ಟಿ ಇಳಿಸಿ, “ಬೆಂಗಳೂರಿಗೆ ಯಾವತ್ತು ಹೋಗೋದ್ರಿ? ರಾತ್ರಿ ಗಾಡಿಗೇನು? ದಾರಿಗೆ ಎಷ್ಟು ರೊಟ್ಟಿ ಮಾಡ್ಲಿ?” ಅಂದರು. ಬುಧವಾರ, ಹತ್ತು ಸಾಕು ಅಂದೆ.

ಒಳಗಿನಿಂದ ಮಗಳು ಕೂಗಿದಳು, “ಇಪ್ಪತ್ತು ಮಾಡ್ರಿ. ನಾನೂ ಹೋಗ್ತೀನಿ.”